ಪಾದ್ರಿಗೆ ಸಿಕ್ಕ ಮರ್ಯಾದೆ

ಸಿಂಹಕ್ಕೆ ಗಂಜಿ ಬಡಿಸಿ, ಕುಡಿದಾದ ಮೇಲೆ ಅದರಿಂದಲೇ ಪಾತ್ರೆ ತೊಳೆಸಿ ಕಳಿಸಿದ ಅಡಿಗೆಯವನು ಇಡೀ ಗೋಗೋ ಸೀಮೆಯಲ್ಲಿ ಜಿಲಾಲಾ ಒಬ್ಬನೇ. ಅಂಥವನೂ ಆ ಶುಕ್ರವಾರ ಗಂಜಿಗೆ ಉಪ್ಪು ಹಾಕಲು ಮರೆತಿದ್ದ.

ಅವನ ಧಣಿ ಪಾದ್ರಿ ಆಕ್ಸೆಲ್ ಮತ್ತು ಪಾದ್ರಿಯ ಹೆಂಡತಿ ಬಿರ್ತೆ ಊರು ಬಿಡುವವರಿದ್ದರು. ಲಾರಿ ಮರುದಿನ ಬೆಳಿಗ್ಗೆ. ಟ್ರಂಕು ಆಗಲೇ ಜಗುಲಿಗೆ ಬಂದಿತ್ತು.

ಡೆನ್ಮಾರ್ಕಿನಿಂದ ಚಿಲೋಂಗೋಲೆ ಎಂಬ ಈ ಊರಿಗೆ ಬಂದಿಳಿದಾಗ ಆಕ್ಸೆಲ್‌ನ ಕೆನ್ನೆ ಎಷ್ಟು ಕೆಂಪಗಿತ್ತೆಂದರೆ, ಬೆಳಗಾಯಿತೆಂದು ಕೋಳಿಗಳು ಕೂಗಿದ್ದವು. ಎಂಟೇ ತಿಂಗಳು. ಈಗ ಅವನ ನೆರಳಿಗೂ ಸುಸ್ತು. ಅವನು ನಡೆದರೆ ಅದು ಮರದಡಿ ಕೂತು ಕಾಯುತ್ತಿತ್ತು. ಬಿರ್ತೆ ನಗು ಮರೆತು ಯಾವ ಕಾಲವಾಗಿತ್ತೋ.

‘ಬಿಸಿಲು ತಡೆದೆವು, ಜ್ವರವನ್ನೂ ತಡೆದೆವು,’ ಎಂದು ಆಕ್ಸೆಲ್ ಮೇಲಿನವರಿಗೆ ಪತ್ರ ಬರೆದಿದ್ದ. ‘ಆದರೆ ಈ ಜನ ನಮ್ಮನ್ನು ದ್ವೇಷಿಸುತ್ತಾರೆ.’

ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬಂದ ಮರುದಿನವೇ ಸೆಚೆಲೇಲಾ ಎಂಬ ಮುದುಕಿ ಆಕ್ಸೆಲ್‌ನ ಟೋಪಿ ಕಿತ್ತು ತಾನು ಹಾಕಿಕೊಂಡು ಹೋಗಿದ್ದಳು. ಆಮೇಲೆ ಬಾಣಲೆ ಹೋಯಿತು. ಎರಡು ಕೋಳಿ ಹೋದವು. ಪ್ರಾರ್ಥನೆಯ ನಡುವೆ ಗಂಡಸರು ಎದ್ದು ನಿಂತು, “ಈ ಸಿಪ್ಪೆ ಸುಲಿದ ಗೆಣಸಿನ ಬಾಯಿ ಯಾರಾದ್ರೂ ಮುಚ್ರಪ್ಪಾ!” ಎಂದು ಕೂಗುತ್ತಿದ್ದರು. ಪಾದ್ರಿಗೆ ಬರುತ್ತಿದ್ದುದು ಸ್ವಾಹಿಲಿ. ಊರಿನದು ಗೋಗೋ ಮಾತು. ನಡುವೆ ದುಭಾಷಿಯಾಗಿ ಜಿಲಾಲಾ. ಅವನು ಪಡುವಣದ ನ್ಯಾಮ್ವೇಝಿ ಕುಲದವನು. ಹದಿನೆಂಟು ಭಾಷೆ ಬಲ್ಲೆ, ಅದರಲ್ಲಿ ಎರಡು ಆನೆಗಳದು ಎನ್ನುತ್ತಿದ್ದ. “ಪ್ರವಚನ ಚೆನ್ನಾಗಿದೆ ಅಂತಿದಾರೆ, ಬ್ವಾನಾ,” ಎಂದು ಧಣಿಗೆ ಅನುವಾದಿಸುತ್ತಿದ್ದ.

ಮಲೇರಿಯಾ ಬಂದು ಆಕ್ಸೆಲ್ ಮಲಗಿದ್ದಾಗ ಊರಿಗೆ ಊರೇ ಒಳನುಗ್ಗಿತ್ತು. ಇಬ್ಬರು ಕೋಲು ಹಿಡಿದು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದರು. “ಗುಂಡಿ ಉದ್ದ ಬೇಕಾಗ್ತದೆ, ಇಲ್ಲಾಂದ್ರೆ ಮಡಚಿ ಹಾಕೋಣ,” ಎಂದರು. ಹೆಂಗಸರು ಎದೆ ಬಡಿದುಕೊಂಡು ಅಣಕದ ಶೋಕಗೀತೆ ಹಾಡಿದರು. ಬಿರ್ತೆ ಪೊರಕೆ ಹಿಡಿದು ಎಲ್ಲರನ್ನೂ ಅಟ್ಟಿದಳು. ಅಟ್ಟಿ ಬಂದು ನೋಡಿದರೆ ಮನೆಯ ಹಂಡೆಗಳೆಲ್ಲ ತುಂಬಿದ್ದವು. ನೀರು ಮೂರು ಮೈಲಿ ದೂರ.

“ನಾನೇ ತಂದೆ, ಅಮ್ಮಾ. ಒಂದೇ ಸಲಕ್ಕೆ ಮೂವತ್ತು ಕೊಡ,” ಎಂದಿದ್ದ ಜಿಲಾಲಾ.

ಅದೇ ಊರಿಗೆ ಸರ್ಕಾರದ ದನದ ಡಾಕ್ಟರು ಬಂದಾಗ ನೋಡಬೇಕಿತ್ತು. ಅವನೂ ಬಿಳಿಯನೇ. ಊರವರು ಪೀಠ ಹಾಕಿದರು, ಹಾಲು ಕೊಟ್ಟರು. ತಲೆ ತಗ್ಗಿಸಿ ಕೂತರು, ಒಬ್ಬರೂ ತುಟಿ ಬಿಚ್ಚಲಿಲ್ಲ.

“ನೋಡು, ಮರ್ಯಾದೆ ಅಂದ್ರೆ ಅದು,” ಎಂದಿದ್ದ ಆಕ್ಸೆಲ್, ದಣಿದ ದನಿಯಲ್ಲಿ. ಜಿಲಾಲಾ ಹಿಟ್ಟು ತಿರುವುತ್ತಲೇ ಇದ್ದ.

ಈಗ ಶುಕ್ರವಾರದ ನಡುಹಗಲು. ಸೆಚೆಲೇಲಾ ಬಂದವಳೇ ಟ್ರಂಕಿನ ಮೇಲೆ ಕೂತುಬಿಟ್ಟಳು.

“ಎಲ್ಲಿಗೆ ಹೊರಟ್ಲು ಇವಳು? ಗಂಡನ್ನ ಮಾರೋಕಾ? ಎರಡು ಮೊಟ್ಟೆನೂ ಹುಟ್ಟಲ್ಲ!”

ಜಿಲಾಲಾ ಕೆಮ್ಮಿದ. “ಪ್ರಯಾಣ ಸುಖವಾಗಿರ್ಲಿ ಅಂತಾಳೆ, ಅಮ್ಮಾ.”

“ಗಂಡನ್ನ ಮಾರಿದ್ರೆ ಎರಡು ಮೊಟ್ಟೆನೂ ಹುಟ್ಟಲ್ಲ ಅಂದ್ಲು,” ಎಂದಳು ಬಿರ್ತೆ. “ಎಂಟು ತಿಂಗಳು ಬಾವಿ ಹತ್ರ ದಿನಾ ಬೈಸ್ಕೊಂಡಿದೀನಿ ಜಿಲಾಲಾ. ಅಷ್ಟೂ ಕಲಿಯಲ್ವಾ?”

ಅವನ ಕೈಯ ಸೌಟು ನಿಂತಿತು. ಬಿರ್ತೆ ಮುದುಕಿಯ ಕಡೆ ತಿರುಗಿ, ಹರುಕುಮುರುಕು ಗೋಗೋದಲ್ಲಿ ತಾನೇ ಕೇಳಿದಳು:

“ಅಜ್ಜೀ, ನಾವು ನಿಮಗೇನು ಮಾಡಿದ್ವಿ? ಯಾಕಿಷ್ಟು ದ್ವೇಷ?”

ಮುದುಕಿಯ ಮುಖ ಸಪ್ಪಗಾಯಿತು.

“ದ್ವೇಷಾನಾ? ಬೇಡದೋರನ್ನ ಯಾರಾದ್ರೂ ಬೈತಾರೇನೇ? ಆ ದನದ ಡಾಕ್ಟರನ್ನ ಬೈದ್ವಾ? ಅವನು ಪರಕೀಯ. ಹಾಲು ಕುಡಿಸಿ, ಹೋದ್ರೆ ಸಾಕು ಅಂತ ಸುಮ್ಮನೆ ಕೂತ್ವಿ. ನೀವು ನ್ಯಾಮ್ವೇಝಿಗಳು! ಅಜ್ಜಂದಿರ ಕಾಲದಿಂದ ನಿಮ್ಮ ಕುಲಕ್ಕೂ ನಮ್ಮ ಕುಲಕ್ಕೂ ಬೈಗುಳದ ನೆಂಟಸ್ತನ. ಕಂಡಲ್ಲಿ ಬೈಬೇಕು, ಬೇಕಾದ್ದು ಎತ್ಕೊಂಡು ಹೋಗ್ಬೇಕು, ಕಾಯಿಲೆ ಬಿದ್ರೆ ಅಣಕಿಸಿ ಸಾವಿಗೇ ನಾಚಿಕೆ ಹುಟ್ಟಿಸ್ಬೇಕು. ಕೋಪ ಮಾಡ್ಕೊಳ್ಳೋ ಹಾಗಿಲ್ಲ. ನೀವೂ ತಿರುಗಿ ಬೈಬೇಕಿತ್ತು, ನಮ್ಮನೆ ಕೋಳಿ ಹಿಡ್ಕೊಂಡು ಹೋಗ್ಬೇಕಿತ್ತು.” ಅವಳು ಸೆರಗಿಗೆ ಮೂಗೊರೆಸಿಕೊಂಡಳು. “ಎಂಟು ತಿಂಗಳಾಯ್ತು. ನಿಮ್ಮ ಬಾಯಿಂದ ಒಂದು ಬೈಗುಳ ಇಲ್ಲ. ನಾವೇ ನಿಮಗೆ ಬೇಡವಾದ್ವಾ ಅಂತ ಊರಿಗೆ ಊರೇ ನೊಂದಿದೆ.”

ಬಿರ್ತೆ ಟ್ರಂಕಿನೆದುರು ಬಂದು ನಿಂತಳು. ಆಮೇಲೆ ಸೊಂಟಕ್ಕೆ ಕೈಯಿಟ್ಟಳು.

“ಏಳು ನನ್ನ ಟ್ರಂಕಿನಿಂದ, ಹಲ್ಲುದುರಿದ ಮೊಸಳೆ!”

ಮುದುಕಿ ಹಾಕಿದ ಕೇಕೆಗೆ ಏಳು ಊರಾಚೆಯ ಹದ್ದುಗಳು ಹಾರಿದವು. “ಬೈದ್ಲು! ಕೊನೆಗೂ ಬೈದ್ಲು!” ಎಂದು ಕೂಗುತ್ತ ಅವಳು ಊರಿನತ್ತ ಓಡಿದಳು. ಬಿರ್ತೆ ಕಂಬಕ್ಕೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಲಾರಿ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಕ್ಸೆಲ್‌ಗೆ ಎಲ್ಲವನ್ನೂ ಅವಳೇ ಬಿಡಿಸಿ ಹೇಳಿದಳು. ಅವನು ಹುಬ್ಬು ಗಂಟಿಕ್ಕಿದ. “ಆದ್ರೆ ನಾವು ಡೆನ್ಮಾರ್ಕಿನವರು. ನ್ಯಾಮ್ವೇಝಿ ಅಂತ ಇವರಿಗೆ ಹೇಳಿದ್ಯಾರು?”

ಇಬ್ಬರೂ ಜಿಲಾಲಾನ ಕಡೆ ತಿರುಗಿದರು. ಅವನು ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದ.

“ಹಿಂದಿನ ಪಾದ್ರಿಗೆ ಊರು ಬಹಳ ಮರ್ಯಾದೆ ಕೊಡ್ತು, ಬ್ವಾನಾ. ಎರಡು ವರ್ಷ ಯಾರೂ ಒಂದು ಮಾತು ಬೈಲಿಲ್ಲ. ಕೊನೆಕೊನೆಗೆ ಅವರು ಗೋಡೆ ಜೊತೆ ಮಾತಾಡ್ತಿದ್ರು. ನಾನೇ ಎತ್ತಿ ಲಾರಿಗೆ ಹತ್ತಿಸಿದೆ.” ಅವನು ಸೌಟು ಕೆಳಗಿಟ್ಟ. “ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿರ್ಲಿಲ್ಲ. ಅದಕ್ಕೇ ನೀವು ಬಂದ ದಿನ ಊರಿಗೆಲ್ಲ ಸಾರಿಬಿಟ್ಟೆ. ಇವನು ನನ್ನ ಒಡಹುಟ್ಟಿದ ತಮ್ಮ, ಮಗುವಾಗಿದ್ದಾಗ ಕುದಿಯೋ ನೀರಿಗೆ ಬಿದ್ದು ಬಣ್ಣ ಹೋಯ್ತು ಅಂತ.

“ಸುಳ್ಳು ಹೇಳಿದೆ, ಬ್ವಾನಾ.”