ಅಂಟು ಬಿಡಿಸಿದ ನೀರು

ಶಿಡ್ಲಘಟ್ಟದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಬಂದರೆ ಇವತ್ತಿಗೂ ನಾನು ಹಲ್ಲು ಕಚ್ಚುತ್ತೇನೆ.

ಆ ಮಧ್ಯಾಹ್ನ ಅಣ್ಣ ನಮ್ಮ ನೂಲು ತೆಗೆಯುವ ಶೆಡ್ಡಿನಲ್ಲಿ ಕೂತು, ಬಿಸಿನೀರಲ್ಲಿ ಕರಗಿಸಿದ ಜೆಲಾಟಿನ್ ಅಂಟನ್ನು ಬ್ರಷ್ಷಿನಿಂದ ಕೂದಲಿಗೆ ಬಳಿದುಕೊಂಡಿದ್ದ. ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಕುಣಿಯುವ ಕಲಾತ್ಮಕ ಈಜಿನಲ್ಲಿ ಕೂದಲು ಕದಲಬಾರದು. ಸಂಜೆ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು. ಒಣಗಿದ ಕೂದಲು ಗಾಜಿನಂತೆ ಹೊಳೆಯುತ್ತಿತ್ತು. ಬೆರಳಿನಿಂದ ತಟ್ಟಿದರೆ ಟಕಟಕ ಅನ್ನುತ್ತಿತ್ತು.

ದೊಡ್ಡಪ್ಪ ಒಳಗೆ ಬಂದರು. "ಏನೋ ಇದು? ಹೆಂಗಸ್ರ ಥರ ಕುಣಿಯಕ್ಕೆ ಹೋಗ್ತೀಯೇನೋ?"

"ಈಗ ಗಂಡಸ್ರೂ ಮಾಡ್ತಾರೆ ದೊಡ್ಡಪ್ಪ. ಬಸ್ಸಿಗೆ ಹೊತ್ತಾಯ್ತು, ಬರ್ತೀನಿ."

"ತಾಳಪ್ಪ. ಗೂಡಿನ ಅಂಟು ಬಿಡಿಸೋರಿಗೆ ಇದ್ಯಾವ ಲೆಕ್ಕ?"

ಗೂಡು ಬೇಯುತ್ತಿದ್ದ ಬೇಸಿನ್ನಿನಿಂದ ಕುದಿಯುವ ನೀರನ್ನು ಚೊಂಬಿಗೆ ತುಂಬಿ ಅವನ ತಲೆಯ ಮೇಲೆ ಸುರಿದರು. ಜೆಲಾಟಿನ್ ಕರಗಿ, ಕೆಂಪಾದ ಕತ್ತಿನ ಮೇಲೆ ನಿಧಾನವಾಗಿ ಇಳಿಯಿತು. ಬೆಂದ ಹುಳುವೊಂದು ಭುಜಕ್ಕೆ ಅಂಟಿತ್ತು.

ಆಸ್ಪತ್ರೆಯಲ್ಲಿ ದೊಡ್ಡಪ್ಪನೇ ಮಾತಾಡಿದರು. "ಬೇಸಿನ್ ಹತ್ರ ಜಾರಿ ಬಿದ್ಬಿಟ್ಟ ಸಾರ್." ಅಮ್ಮ ಹೌದೆಂದು ತಲೆಯಾಡಿಸಿದಳು.

ಅಣ್ಣ ಎದ್ದು ಕೂತ. "ನಾನು ಜಾರಿಲ್ಲ ಸಾರ್. ಇವ್ರೇ ಸುರಿದ್ರು. ಹಂಗೇ ಬರ್ಕೊಳ್ಳಿ."

ಡಾಕ್ಟರು ದೊಡ್ಡಪ್ಪನ ಮುಖ ನೋಡಿ ಪೆನ್ನು ಮುಚ್ಚಿದರು.

"ಗಾಯ ಒಣಗೋವರೆಗೂ ನೀರಿಗೆ ಇಳೀಬೇಡಪ್ಪ," ಅಂದರು.