ಎರಡು ಬಿಲ್ಲೆಯ ಗುಮಾಸ್ತ

ನೀರಿನ ಕಚೇರಿಯ ಗುಮಾಸ್ತ ಮೈಲಾರಪ್ಪ ಕಾನೂನಿನ ಪ್ರಕಾರ ಮಧ್ಯಾಹ್ನ ಒಂದರವರೆಗೆ ಸರ್ಕಾರ, ಆಮೇಲೆ ಖಾಸಗಿ ಕಂಪನಿ. ಎದೆಯ ಬಿಲ್ಲೆ ಬದಲಾದರೆ ಅವನ ಮೇಲೆ ದಾವೆ ಹೂಡಬೇಕಾದ ಕೋರ್ಟೂ ಬದಲಾಗುತ್ತಿತ್ತು.

ರುದ್ರವ್ವನ ಓಣಿಗೆ ನೀರು ನಿಂತು ಒಂಬತ್ತು ದಿನ. ಮನೆಯಲ್ಲಿ ಬಾಣಂತಿ ಮಗಳು. ಒಂದು ಗಂಟೆಗೆ ಸ್ವಲ್ಪ ಮುಂಚೆ ಅವಳು ಕಚೇರಿಗೆ ಬಂದಳು.

"ನೀರು ಬಂದ್ ಮಾಡ್ದಾವ ನೀನ ಅಲ್ಲೇನೋ ತಮ್ಮಾ?"

"ಅಂವ ಮಧ್ಯಾಹ್ನದ ನಾನು, ಯವ್ವಾ. ಸರ್ಕಾರಕ್ಕ ಅಂವ ಯಾರಂತ ಗೊತ್ತಿಲ್ಲ."

"ನಾ ನಿನ್ನೆ ಮಧ್ಯಾಹ್ನಾನೂ ಬಂದಿದ್ನೆಲ್ಲ?"

"ಆಗ ನೀವು ನೀರು ನಮ್ಮ ಹಕ್ಕು ಅಂದ್ರಿ. ಹಕ್ಕು ಸರ್ಕಾರದ ಮುಂದ ಕೇಳೂದು, ಕಂಪನಿ ಮುಂದಲ್ಲ."

ಒಂದು ಗಂಟೆ ಹೊಡೆಯಿತು. ಮೈಲಾರಪ್ಪ ಸರ್ಕಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕಂಪನಿಗಾಗಿ ಕಿಸೆ ತಡಕಾಡಿದ. ಎದೆಯ ಮೇಲೆ ಈಗ ಯಾವ ಬಿಲ್ಲೆಯೂ ಇರಲಿಲ್ಲ. ರುದ್ರವ್ವ ಗೋಡೆಯ ಮೊಳೆಯಲ್ಲಿದ್ದ, ಓಣಿಗೆ ನೀರು ಬಿಡುವ ವಾಲ್ವ್ ಕೀಲಿ ತೆಗೆದುಕೊಂಡು ಹೊರಟಳು.

"ಯವ್ವಾ, ಅದು ಕಳವು."

"ಹಂಗಂತ ಹೇಳಾವ ಯಾರು?" ರುದ್ರವ್ವ ಬಾಗಿಲಲ್ಲಿ ತಿರುಗಿ ಕೇಳಿದಳು.

ಉತ್ತರ ಕೊಡುವ ಅಧಿಕಾರವಿದ್ದವರು ಯಾರೂ ಆಗ ಕಚೇರಿಯಲ್ಲಿರಲಿಲ್ಲ.