ಗೇಟ್ ಬಿತ್ತಾ?

ಡಬ್ಬಿ ಆಕಾಶ ನೋಡುತ್ತಿತ್ತು. ಸೋಮನಾಥ ಬೈಕಿನಿಂದ ಇಳಿಯುವ ಮೊದಲೇ ಅದನ್ನು ಕಂಡ. ಯಲಹಂಕದ ಆಚೆಯ ರೈಲ್ವೆ ಗೇಟಿನ ಪಕ್ಕ ಬೇಯಿಸಿದ ಕಡಲೆಕಾಯಿ ಮಾರುವ ಮುನಿಶಾಮಮ್ಮನ ತಳ್ಳುಗಾಡಿ, ಅದರ ದೊಡ್ಡ ಕೊಡೆ, ಆ ಕೊಡೆಯ ಕೋಲಿಗೆ ಡಬ್ಬಿ. ಗೇಟಿಗೆ ಮುಖ ಮಾಡಿ ಅದನ್ನು ಕಟ್ಟಿದ್ದವನು ಅವನೇ. ಈಗ ನೋಡಿದರೆ ಮೋಡ ಎಣಿಸುತ್ತಾ ಕೂತಿದೆ.

"ಕೆಟ್ಟಿಲ್ಲ ಮಚ್ಚಾ," ಎಂದ ಹಿಂದೆ ಕೂತಿದ್ದ ಮುದಸ್ಸಿರ್. "ಯಾರೋ ಬೇಕು ಅಂತಾನೇ ತಿರುಗ್ಸಿದ್ದಾರೆ."

ಸೋಮನಾಥ ಕಾಲೇಜೊಂದರ ಲ್ಯಾಬಿನಲ್ಲಿ ನೌಕರ, ವಿಜಯಪುರದ ಕಡೆಯವನು. ಮುದಸ್ಸಿರ್ ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಭಾನುವಾರ ಬಂತೆಂದರೆ ಇಬ್ಬರ ಕೈಯೂ ಸುಮ್ಮನಿರುವುದಿಲ್ಲ. ಹಾಲು ಉಕ್ಕುವ ಮೊದಲು ಕೂಗುವ ಯಂತ್ರವೊಂದನ್ನು ಮಾಡಿದ್ದರು. ಅದು ಉಕ್ಕಿ ಒಲೆಯೆಲ್ಲ ಹಾಲಾದ ಮೇಲೆ ಕೂಗುತ್ತಿತ್ತು. ಎದುರಿಗೆ ಏನಾದರೂ ಅಡ್ಡ ನಿಂತರೆ ಗುರುತಿಸುವ ಸೆನ್ಸರ್ ಇದ್ದ ಈ ಡಬ್ಬಿ ಮಾತ್ರ ಹಾಗಲ್ಲ. ಹಾದುಹೋಗುವ ಗಾಡಿಗಳನ್ನು ಅದು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಗೇಟಿನ ಕಂಬಿ ಇಳಿದು ಎದುರಿಗೆ ಅಡ್ಡ ನಿಂತಾಗ ಮಾತ್ರ, 'ಗೇಟ್ ಬಿತ್ತಾ?' ಎಂಬ ಅವರ ಆ್ಯಪ್ 'ಬಿದ್ದಿದೆ' ಎಂದು ತೋರಿಸುತ್ತಿತ್ತು. ಜನ ಮನೆಯಲ್ಲೇ ನೋಡಿಕೊಂಡು ಸುತ್ತುದಾರಿ ಹಿಡಿಯುತ್ತಿದ್ದರು. ಸುತ್ತಲ ಬಡಾವಣೆಗಳಲ್ಲಿ ಸೋಮನಾಥನಿಗೆ ಹೆಸರು ಬಂದಿತ್ತು. ಒಂದು ವಾರದಿಂದ ಆ ಹೆಸರು ಮಣ್ಣುಪಾಲಾಗಿತ್ತು. ಯಾವಾಗ ನೋಡಿದರೂ 'ಬಿದ್ದಿಲ್ಲ'. ಅದನ್ನು ನಂಬಿ ಬಂದವರು ಮುಚ್ಚಿದ ಗೇಟಿನ ಮುಂದೆ ನಿಂತು ಅವನಿಗೆ ಬೈದು ಮೆಸೇಜ್ ಹಾಕುತ್ತಿದ್ದರು.

"ಇದನ್ನ ಯಾರು ತಿರುಗಿಸ್ಯಾರ್ರೀ ಅವ್ವಾ?"

"ನಾನೇ ಕಣಪ್ಪ," ಎಂದಳು ಮುನಿಶಾಮಮ್ಮ, ಗಿರಾಕಿಯೊಬ್ಬನಿಗೆ ಪಾವಿನಲ್ಲಿ ಕಡಲೆಕಾಯಿ ಅಳೆಯುತ್ತಾ. ಮುಖದಲ್ಲಿ ಅಳುಕು ಅಷ್ಟಿಷ್ಟೂ ಇರಲಿಲ್ಲ. "ಮುಂದೆ ಏನೂ ಇಲ್ದಿದ್ರೆ ಬಿದ್ದಿಲ್ಲ ಅಂತದೆ ಅಂತ ನೀನೇ ತಾನೆ ಯೋಳ್ಕೊಟ್ಟಿದ್ದು? ಅದ್ಕೇ ಮ್ಯಾಕ್ ತಿರುಗ್ಸಿದೆ."

"ನಿಮ್ಮನ್ನ ಕೇಳೇ ಕಟ್ಟಿದ್ನಲ್ರೀ. ಹೂಂ ಅಂದಿದ್ರಿ."

"ಅಂದಿದ್ದೆ. ಇಂಗಾಯ್ತದೆ ಅಂತ ಯಾವನಿಗ್ ಗೊತ್ತಿತ್ತು? ಗೇಟ್ ಬಿದ್ರೇನೇ ನಂಗೆ ಯಾಪಾರ. ನಿಂತೋರು ಒತ್ತೋಗಾಕೆ ಅಂತ ಒಂದ್ ಪಾವು ತಕತಿದ್ರು. ನಿನ್ ಡಬ್ಬಿ ಬಂದ್ ಮ್ಯಾಲೆ ನಾಯಿನೂ ಇಲ್ಲಿ ನಿಂತ್ಕಳಲ್ಲ. ನನ್ ಕೊಡೆ ನೆಳ್ಳಲ್ಲೇ ಇದ್ಕಂಡು ಉಂಡ ಮನೆಗೆ ಎರಡು ಬಗೀತಲ್ಲಪ್ಪ ಅದು!"

ಮುದಸ್ಸಿರ್ ಕಿಸಕ್ಕನೆ ನಕ್ಕ. ಸೋಮನಾಥನಿಗೆ ನಗು ಬರಲಿಲ್ಲ. ಊರಿಗೆಲ್ಲ ಉಪಕಾರ ಮಾಡಿದೆನೆಂದು ಎದೆಯುಬ್ಬಿಸಿ ತಿರುಗಿದವನಿಗೆ ಡಬ್ಬಿಗೆ ಜಾಗ ಕೊಟ್ಟವಳ ಹೊಟ್ಟೆಯೇ ಕಂಡಿರಲಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಹಾಗೆಂದು ಆ್ಯಪ್ ಬಿಟ್ಟುಕೊಡಲೂ ಮನಸ್ಸಿಲ್ಲ.

"ಸರಿಯಾಗೇ ತಿರುಗಿಸ್ತೀನಿ ಅಂದ್ರೆ ಬಿಚ್ಕಂಡೋಗು," ಎಂದಳು ಮುನಿಶಾಮಮ್ಮ. "ನನ್ ಕೊಡೆಗ್ ಬ್ಯಾಡ."

ಬಿಚ್ಚಿಕೊಂಡು ಹೋದರೆ ಕಟ್ಟಲು ಬೇರೆ ಜಾಗವಿಲ್ಲ. ರೈಲ್ವೆಯವರ ಕಂಬ ಮುಟ್ಟುವಂತಿಲ್ಲ. ಸೋಮನಾಥ ಗಾಡಿಯಿಂದ ಒಂದು ಕಡಲೆಕಾಯಿ ತೆಗೆದು ಸುಲಿದು ಬಾಯಿಗೆ ಹಾಕಿಕೊಂಡ. ಹದವಾಗಿ ಬೆಂದಿತ್ತು, ಉಪ್ಪು ಒಳಗಿನವರೆಗೂ ಇಳಿದಿತ್ತು. ಇನ್ನೊಂದು ಸುಲಿದ. ಅವನ ಮುಖ ಅರಳಿತು.

"ಅವ್ವಾ, ಬರೋ ಭಾನುವಾರದ ತನಕ ಬಿಡ್ರಿ. ಗೇಟ್ ಬೀಳಲಿ ಬಿಡಲಿ, ಮಂದಿ ನಿಮ್ಮ ಕಡ್ಲಿಕಾಯಿಗೇ ಬರ್ಬೇಕು, ಹಂಗ ಮಾಡ್ತೀನಿ."

"ಹಾಲಿನ ಮಿಷಿನ್‌ಗೂ ಹಿಂಗೇ ಅಂದಿದ್ದೆ ಗುರು," ಎಂದ ಮುದಸ್ಸಿರ್.

"ಇದು ಆಗ್ತದ. ನೋಡ್ತಿರು."

ಭಾನುವಾರ ಬಂದವರೇ ಡಬ್ಬಿಗೆ ದೊಡ್ಡದೊಂದು ಕೆಂಪು ಬಟನ್ ಕೂರಿಸಿ, ಅದರ ಮುಖವನ್ನು ಮತ್ತೆ ಗೇಟಿನ ಕಡೆ ತಿರುಗಿಸಿದರು. ಹಂಡೆಯಿಂದ ಬಿಸಿ ಕಡಲೆಕಾಯಿ ಇಳಿಸಿದಾಗ ಮುನಿಶಾಮಮ್ಮ ಬಟನ್ ಒತ್ತಬೇಕು. ಒತ್ತಿದರೆ ಎಲ್ಲರ ಫೋನಿನಲ್ಲೂ ಬರುತ್ತದೆ: 'ಮುನಿಶಾಮಮ್ಮನ ಕಡಲೆಕಾಯಿ ಈಗಷ್ಟೇ ಬೆಂದಿದೆ.' ಅವಳು ಅನುಮಾನದಿಂದಲೇ ಒಮ್ಮೆ ಒತ್ತಿದಳು. ಒಬ್ಬ ಬಂದ, ಇಬ್ಬರು ಬಂದರು. ಕತ್ತಲಾಗುವಷ್ಟರಲ್ಲಿ ಹಂಡೆಯ ತಳ ಕಂಡಿತು.

ಮುಂದಿನ ಶನಿವಾರ ಸಂಜೆ ಸೋಮನಾಥನಿಗೆ ಮತ್ತೆ ಬೈಗುಳದ ಮೆಸೇಜುಗಳು ಬಂದವು. ಈ ಸಲ ತಿರುವುಮುರುವು: ಗೇಟು ತೆರೆದೇ ಇದೆ, ಆ್ಯಪ್ ನೋಡಿದರೆ 'ಬಿದ್ದಿದೆ' ಅನ್ನುತ್ತಿದೆ. ಅವನು ಬೈಕ್ ಓಡಿಸಿಕೊಂಡು ಬಂದ. ಮುದಸ್ಸಿರ್ ಆಗಲೇ ಅಲ್ಲಿದ್ದ, ಬಾಯಿ ತುಂಬ ಕಡಲೆಕಾಯಿ.

"ಅವ್ವಾ, ಮತ್ತ ತಿರುಗಿಸಿದ್ರೇನ್ರೀ?"

"ದೇವ್ರಾಣೆ ಮುಟ್ಟಿಲ್ಲ ಕಣಪ್ಪ."

ನಿಜ, ಡಬ್ಬಿಯ ಮುಖ ನೆಟ್ಟಗೆ ಗೇಟಿನ ಕಡೆಗೇ ಇತ್ತು. ಆದರೆ ಅದರ ಎದುರಿಗೆ ಕಡಲೆಕಾಯಿಗೆಂದು ಬಂದ ಜನ ರಸ್ತೆಯವರೆಗೂ ಗುಂಪುಗಟ್ಟಿ ನಿಂತಿದ್ದರು. ಅವರ ಹಿಂದೆ ಸ್ಕೂಟರು, ಆಟೋ, ಹಾರ್ನ್ ಹೊಡೆದು ಸುಸ್ತಾದ ಒಂದು ಸ್ಕೂಲ್ ವ್ಯಾನು. ಗೇಟಿನ ಕಂಬಿ ಮಾತ್ರ ಮೇಲೆದ್ದು ನಿಂತಿತ್ತು, ರೈಲಿನ ಸುಳಿವೇ ಇರಲಿಲ್ಲ.

"ಗೇಟ್ ತೆರದೈತಿ," ಎಂದು ಸೋಮನಾಥ ತಲೆ ಚಚ್ಚಿಕೊಂಡ. "ಇದು ಬಿದ್ದೈತಿ ಅಂತ ಸುಳ್ಳು ಹೇಳಾಕತ್ತೈತಲ್ರೀ!"

ಮುನಿಶಾಮಮ್ಮ ತುಂಬಿದ ಪಾವನ್ನು ಪೊಟ್ಟಣಕ್ಕೆ ಸುರಿದು, ಒಮ್ಮೆ ರಸ್ತೆಯ ಕಡೆ ನೋಡಿದಳು.

"ಸುಳ್ಳೇನ್ ಬಂತು? ಒಬ್ಬನಾದ್ರೂ ಮುಂದಕ್ ಓಗ್ತಾವ್ನಾ ನೋಡು."